ದಾದರಿನವರೆಗಿನ ಸೀಟು

ಎದೆ ಡವಡವ ಎನ್ನುವ ಹೆದರಿಕೆಗೆ ಮಾತ್ರೆ ನುಂಗುತ್ತ ಹನ್ನೊಂದು ವರ್ಷ ಮನೆಯಲ್ಲೇ ಕಳೆದ ಡೊಂಬಿವಲಿಯ ಉಜ್ವಲಾ ಪೇಠೆ, ಒಂದು ಸೋಮವಾರ ಮತ್ತೆ ಕೆಲಸಕ್ಕೆಂದು ದಂಡಯಾತ್ರೆ ಹೊರಟಳು. ದಾದರಿನ ಆಫೀಸೊಂದರಲ್ಲಿ ಗುಮಾಸ್ತೆಯ ಕೆಲಸ. ಮೊದಲ ದಿನ ತಪ್ಪಿಸಿದರೆ ಮತ್ತೆ ಬರುವುದೇ ಬೇಡ ಎಂದಿದ್ದರಂತೆ.

ನಮ್ಮ ಲೋಕಲ್ ರೈಲಿನ ಮಹಿಳಾ ಡಬ್ಬಿಯ ಯುದ್ಧನೀತಿಯಂತೆ ಆಕೆ ಮೊದಲು ಹಿಂದಕ್ಕೆ, ಗಾಡಿ ಹೊರಡುವ ಕಲ್ಯಾಣ್ ನಿಲ್ದಾಣಕ್ಕೆ ಹೋಗಿ, ವಾಪಸು ಹೊರಟ ಅದೇ ಗಾಡಿಯಲ್ಲಿ ಕಿಟಕಿ ಪಕ್ಕದ ಸಿಂಹಾಸನ ಗೆದ್ದು ಬಂದಳು. ಠಾಣೆ ನಿಲ್ದಾಣದಲ್ಲಿ ಹತ್ತಿದ, ಇಡೀ ಡಬ್ಬಿಗೇ ಅತ್ತಿಗೆಯಾದ ಕುಂದಾ ವಹಿನಿ ನೇರವಾಗಿ ಕೇಳಿದರು.

"ಎಲ್ಲಿ ಇಳೀತೀರಿ?"

"ದಾದರ್."

"ಹಂಗಾದ್ರೆ ಆಮೇಲೆ ಈ ಸೀಟು ನಂದು. ಬೇರೆ ಯಾರಿಗಾದ್ರೂ ಕೊಟ್ರೆ ನೋಡ್ರಿ ಮತ್ತೆ!"

ದಾದರ್ ಬಂತು. ಉಜ್ವಲಾ ವಹಿನಿಯ ಮಾತಿನಂತೆ ಎದ್ದು ಸೀಟು ಬಿಟ್ಟುಕೊಟ್ಟಳು. ಬಾಗಿಲವರೆಗೂ ಹೋದಳು. ಅಲ್ಲಿ ಕಂಬವನ್ನು ತಬ್ಬಿ ನಿಂತವಳು ಅಲುಗಲಿಲ್ಲ.

"ಅಯ್ಯೋ, ಇಳೀರೀ! ಹಿಂದಿನವರೇನು ನಿಮ್ಮ ತಲೆ ಮೇಲಿಂದ ಹಾರಬೇಕಾ?" ಎಂದು ಇಡೀ ಡಬ್ಬಿಯೇ ಕೂಗಿತು.

ಗಾಡಿ ಹೊರಟಿತು. ಹೆದರಿ ಇನ್ನೂ ಕಂಬ ಬಿಡದವಳನ್ನು ನೋಡಿ ವಹಿನಿ ಮೆತ್ತಗಾದರು.

"ಬನ್ನಿ, ಕೂತ್ಕೊಳ್ಳಿ."

"ಬೇಡ, ಅದು ನಿಮ್ಮದು," ಎಂದಳು ಉಜ್ವಲಾ.

ಕೆಲಸ ಅಂದೇ ಹೋಯಿತು. ಮನೆಯಲ್ಲಿ ಅದನ್ನು ಹೇಳುವ ಧೈರ್ಯವೂ ಹುಟ್ಟಲಿಲ್ಲ. ಮಂಗಳವಾರ ಊಟದ ಡಬ್ಬಿ ಹಿಡಿದು ಮತ್ತೆ ಬಂದಳು, ಮತ್ತೆ ಅದೇ ಕಿಟಕಿ ಗೆದ್ದಳು.

"ಎಲ್ಲಿ ಇಳೀತೀರಿ?" ಎಂದರು ವಹಿನಿ, ಅಭ್ಯಾಸಬಲದಿಂದ.

"ದಾದರ್."

ಯಾರೂ ನಗಲಿಲ್ಲ. ಇದಾಗಿ ಆರು ತಿಂಗಳು. ಉಜ್ವಲಾ ದಿನವೂ ದಾದರಿನಲ್ಲಿ ಏಳುತ್ತಾಳೆ, ಕೊನೆಯ ನಿಲ್ದಾಣದವರೆಗೆ ನಿಂತೇ ಹೋಗುತ್ತಾಳೆ. ಇಷ್ಟು ನಂಬಿಕೆಯ ಸೀಟು ವಹಿನಿಗೆ ಹಿಂದೆಂದೂ ಸಿಕ್ಕಿರಲಿಲ್ಲ.