ಅಲ್ ಮನ್ಸೂರಾದಲ್ಲಿ ಒಂದು ಜೊತೆ ಸ್ಕೀ

ನಮ್ಮ ಮಲಗುವ ಕೋಣೆಯ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಮುಕ್ಕಾಲು ಭಾಗ ತೆರೆದು ಟಕ್ ಎಂದು ನಿಲ್ಲುತ್ತದೆ. ಹೊಸದಾಗಿ ಬಂದವರು ಹಿಂದೆ ಯಾರೋ ಅಡಗಿದ್ದಾರೆಂದು ಗಾಬರಿಗೊಳ್ಳುತ್ತಾರೆ. ಯಾರೂ ಇಲ್ಲ, ಒಂದು ಜೊತೆ ಸ್ಕೀ ಇದೆ ಎಂದು ನಾನು ಸಮಾಧಾನ ಹೇಳುತ್ತೇನೆ. ಹಿಮದ ಗುಡ್ಡದಿಂದ ಜಾರುವವರು ಕಾಲಿಗೆ ಕಟ್ಟಿಕೊಳ್ಳುತ್ತಾರಲ್ಲ, ಆ ಉದ್ದನೆಯ ಪಟ್ಟಿಗಳು. ಅಷ್ಟು ಹೇಳಿದ ಮೇಲೆ ಬಂದವರ ಗಾಬರಿ ಹೆಚ್ಚುತ್ತದೆ. ಯಾಕೆಂದರೆ ನಮ್ಮ ಮನೆ ಇರುವುದು ದೋಹಾದ ಅಲ್ ಮನ್ಸೂರಾದಲ್ಲಿ. ಆಗಸ್ಟಿನಲ್ಲಿ ಇಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೆ ಚಹಾಪುಡಿ ಹಾಕುವಷ್ಟು ಬಿಸಿನೀರು ಬರುತ್ತದೆ.

ಸ್ಕೀ ನನ್ನದಲ್ಲ, ದೇವರಾಣೆ. ನಾನು ಹಿಮ ನೋಡಿದ್ದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ, ಅದೂ ಅಂಜಲ್ ಮೀನಿನ ಸುತ್ತಮುತ್ತ. ಇದು ಹಾನ್ಸ್ ಎಂಬ ಆಸ್ಟ್ರಿಯಾದವರದು. ಇಂಡಸ್ಟ್ರಿಯಲ್ ಏರಿಯಾದ ನಮ್ಮ ವರ್ಕ್‌ಶಾಪಿನಲ್ಲಿ ಅವರು ಮ್ಯಾನೇಜರ್ ಆಗಿದ್ದರು, ನಾನು ಅವರ ಆಫೀಸಿನ ಗುಮಾಸ್ತ. ಗಲ್ಫಿನಲ್ಲಿ ಒಂದು ಪದ್ಧತಿ ಇದೆ. ಇಲ್ಲಿಂದ ಕಾಯಂ ಆಗಿ ಹೊರಡುವವರು ತಮ್ಮ ಸಾಮಾನನ್ನು ಉಳಿಯುವವರ ಮನೆಯಲ್ಲಿ ಬಿಟ್ಟು ಹೋಗುತ್ತಾರೆ. ಮನ್ಸೂರಾದ ಯಾವ ಮನೆ ಹೊಕ್ಕರೂ ಮಿಕ್ಸಿ ಒಬ್ಬರದು, ಸೋಫಾ ಇನ್ನೊಬ್ಬರದು, ಗೋಡೆಯ ದೇವರ ಪಟ ಮತ್ತೊಬ್ಬರದು. ಬೇಡ ಎನ್ನುವ ಹಾಗಿಲ್ಲ, ನಾಳೆ ನಾವೂ ಹೊರಡುವವರೇ.

ಹಾನ್ಸ್‌ಗೆ ಸಿಂಗಾಪುರಕ್ಕೆ ವರ್ಗವಾಯಿತು. ಅಲ್ಲಿ ಹಿಮ ಬೀಳುವುದಿಲ್ಲವಾದ್ದರಿಂದ ಸ್ಕೀಯನ್ನು ಒಯ್ಯುವುದು ಮೂರ್ಖತನ ಎಂದರು. ಇಲ್ಲಿ ಬೀಳುತ್ತದಾ ಎಂದು ಕೇಳುವಷ್ಟು ಧೈರ್ಯ ನನಗೆ ಬರಲಿಲ್ಲ. ಆಫ್ ಸೀಸನ್ ಮುಗಿಯುವವರೆಗೆ ಮಾತ್ರ ಇಟ್ಟುಕೊಳ್ಳಿ, ಮುಂದಿನ ವರ್ಷ ನನ್ನ ಊರಿಗೆ ಒಯ್ಯುತ್ತೇನೆ ಎಂದರು. ಕಾರನ್ನು ಮಾರಿದಾಗ ತಿರುಗಿಯೂ ನೋಡದ ಮನುಷ್ಯ, ತೀರಿಹೋದ ತಂದೆ ಕೊಟ್ಟ ಕೊನೆಯ ಉಡುಗೊರೆ ಎಂದು ಸ್ಕೀಯನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟರು. ಕೊಟ್ಟ ಹಾಗೆಯೇ ನಿಮ್ಮ ಕೈಗೆ ಒಪ್ಪಿಸುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ.

ಮಾತು ಕೊಡುವುದು ಸುಲಭ, ಸ್ಕೀ ಸಾಕುವುದು ಕಷ್ಟ. ಅದಕ್ಕೆ ತಂಪು ಬೇಕು, ಕತ್ತಲೆ ಬೇಕು, ಅಂಚಿನ ಉಕ್ಕಿಗೆ ತುಕ್ಕು ಹಿಡಿಯಬಾರದು, ಅಡಿಭಾಗಕ್ಕೆ ಮೇಣ ಹಚ್ಚಿರಬೇಕು. ರಜೆಯಲ್ಲಿ ನಾವು ಊರಿಗೆ ಹೋದಾಗ ಖಾಲಿ ಮನೆಯಲ್ಲಿ ಅದಕ್ಕಾಗಿ ಎಸಿ ಓಡಬೇಕಾಯಿತು. ಬಾಡಿಗೆಯಲ್ಲೇ ಕರೆಂಟು ಸೇರಿದ್ದರಿಂದ ಬಚಾವಾದೆ. ಬೀಗದ ಕೈಯನ್ನು ಮೇಲಿನ ಮಹಡಿಯ ಹಮೀದಣ್ಣನಿಗೆ ಕೊಟ್ಟಿದ್ದೆ. ಉಪ್ಪಿನಂಗಡಿಯ ಬ್ಯಾರಿ, ಬಾಯಿಗೆ ಬಂದದ್ದನ್ನು ತಡೆದು ಗೊತ್ತಿಲ್ಲ.

"ಈ ಎರಡು ಹಲಗೆಗೆ ಎಸಿ, ಇಲ್ಲಿ ಬಿಸಿಲಲ್ಲಿ ದುಡಿಯುವ ಮನುಷ್ಯನಿಗೆ ಮಾಫಿ, ಏನೂ ಇಲ್ಲ! ನಿಮಗೆ ಮಂಡೆ ಸರಿ ಉಂಟಾ ಮಾರಾಯ್ರೆ?" ಎಂದು ಫೋನಿನಲ್ಲಿ ಕೇಳಿದ.

ಆಗ ನಾವು ಊರಿನಲ್ಲಿ ಕರೆಂಟು ಹೋಗಿ, ಬೀಸಣಿಗೆ ಹಿಡಿದು ಕೂತಿದ್ದೆವು. ನನ್ನ ಹೆಂಡತಿ ವನಿತಾ ತುಳುವಿನಲ್ಲಿ ಒಂದು ಮಾತು ಹೇಳಿದಳು. ಕನ್ನಡದಲ್ಲಿ ಅದನ್ನು ಅಚ್ಚು ಹಾಕುವ ಹಾಗಿಲ್ಲ.

ಅವಳಿಗೆ ಹೇಗೆ ಅರ್ಥ ಮಾಡಿಸಲಿ, ನಾನೂ ಒಬ್ಬ ಹಾನ್ಸ್ ಎಂದು? ಮಲ್ಪೆಯ ಹತ್ತಿರ ಅವಳ ತವರಿನ ಕೊಟ್ಟಿಗೆಯಲ್ಲಿ ನನ್ನ ಕೆಂಪು ಬೈಕು ನಿಂತಿದೆ. ಮಾರಲು ಮನಸ್ಸಿಲ್ಲ. ಒಂದು ದಿನ ಇಲ್ಲಿನ ಕೆಲಸ ಖಲಾಸ್ ಮಾಡಿ ಹೋಗಿ, ದಿನಾ ಸಂಜೆ ಕಡಲ ದಂಡೆಗೆ ಅದರಲ್ಲೇ ಹೋಗುತ್ತೇನೆ ಎಂಬುದು ನನ್ನ ಯೋಜನೆ. ಪ್ರತಿ ರಜೆಯಲ್ಲೂ ಅದನ್ನು ಹೊರತೆಗೆದು ಒಂದು ಸುತ್ತು ಹೊಡೆಯುತ್ತೇನೆ. ವಿಚಿತ್ರವೆಂದರೆ ಆಗ ಊರಿನ ಬೆಕ್ಕುಗಳೆಲ್ಲ ನನ್ನ ಹಿಂದೆ ಓಡಿ ಬರುತ್ತವೆ. ಪ್ರಾಣಿಗಳಿಗೆ ಒಳ್ಳೆಯ ಮನುಷ್ಯರ ಗುರುತು ಸಿಗುತ್ತದೆ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ಕಳೆದ ವರ್ಷ ಅತ್ತೆ, ಅಂದರೆ ವನಿತಾಳ ತಾಯಿ, ವಿಸಿಟ್ ವೀಸಾದಲ್ಲಿ ಬಂದರು. ಬಂದ ದಿನವೇ ಬಾಗಿಲು ಟಕ್ ಎಂದಿತು. ಹಿಂದೆ ಬಗ್ಗಿ ನೋಡಿದರು.

"ಎಂತ ಅಳಿಯಂದ್ರೆ ಇದು?"

ಕಾಲಿಗೆ ಕಟ್ಟಿಕೊಂಡು ಗುಡ್ಡದಿಂದ ಜಾರುವುದು ಎಂದೆ.

"ಬೇಕೂಂತಲೇ ಜಾರುವುದಾ?"

ಹೌದು ಎಂದೆ. ಈಗ ಅದರ ಸೀಸನ್ ಅಲ್ಲ, ಅದಕ್ಕೆ ಜೋಪಾನವಾಗಿ ಇಟ್ಟಿದ್ದೇವೆ ಎಂದೂ ಸೇರಿಸಿದೆ. ಅಷ್ಟು ಸಾಕಾಯಿತು. ಅತ್ತೆ ಮೀನುಗಾರರ ಮನೆಯವರು. ಮಳೆಗಾಲ ಹಿಡಿದರೆ ದೋಣಿಗಳನ್ನು ದಡಕ್ಕೆ ಎಳೆದು, ಮೈಗೆಲ್ಲ ಮೀನೆಣ್ಣೆ ಹಚ್ಚಿ, ತೆಂಗಿನ ಗರಿ ಹೊದೆಸಿ, ಕಡಲು ಶಾಂತವಾಗುವವರೆಗೆ ಕಾಯುವುದನ್ನು ಹುಟ್ಟಿದಂದಿನಿಂದ ಕಂಡವರು. ಕೆಲಸವಿಲ್ಲದ ಕಾಲದಲ್ಲಿ ಒಂದು ವಸ್ತುವನ್ನು ಹೇಗೆ ಇಡಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನನ್ನ ಕೊಲೆಸ್ಟರಾಲಿಗೆಂದು ತಂದ ಮೀನೆಣ್ಣೆಯ ಗುಳಿಗೆಯ ಡಬ್ಬಿ ಮೇಜಿನ ಮೇಲಿತ್ತು. ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಅತ್ತೆ ಒಂದೊಂದೇ ಗುಳಿಗೆಗೆ ಸೂಜಿ ಚುಚ್ಚಿ, ಹಿಂಡಿ, ಸ್ಕೀಯ ಅಡಿ, ಅಂಚು, ತುದಿ ಒಂದನ್ನೂ ಬಿಡದೆ ಹಚ್ಚಿ ತಿಕ್ಕಿದರು. ನಾನು ಸಂಜೆ ಬಂದಾಗ ಮನೆ ಮಲ್ಪೆ ಬಂದರಿನ ವಾಸನೆ ಹೊಡೆಯುತ್ತಿತ್ತು, ಸ್ಕೀ ಫಳಫಳ ಹೊಳೆಯುತ್ತಿತ್ತು. "ಇನ್ನು ಹತ್ತು ಮಳೆಗಾಲಕ್ಕೂ ಏನಾಗುದಿಲ್ಲ" ಎಂದು ಅತ್ತೆ ಕೈ ಒರೆಸಿಕೊಂಡರು. ಬಯ್ಯುವ ಹಾಗಿದೆಯೇ, ಹೇಳಿ!

ಅದೇ ವಾರ ಹಾನ್ಸ್ ಅವರ ಮೆಸೇಜು ಬಂತು. ಕೆಲಸದ ಮೇಲೆ ದೋಹಾಕ್ಕೆ ಬರುತ್ತಿದ್ದಾರೆ, ಸ್ಕೀಗಾಗಿ ಮನೆಗೆ ಬರುತ್ತಾರೆ. ಸತ್ತ ತಂದೆಯ ಉಡುಗೊರೆ, ನಾನು ಕೊಟ್ಟ ಮಾತು, ಬೂತಾಯಿ ಮೀನಿನ ವಾಸನೆ! ವನಿತಾ ಸೆರಗು ಸಿಕ್ಕಿಸಿ ನಿಂತಳು. ಸೋಪಿನಲ್ಲಿ ತೊಳೆದರೆ ಹೋಗಲಿಲ್ಲ. ಮೀನಿನ ವಾಸನೆಗೆ ನಮ್ಮ ಕಡೆ ಮಾಡುವುದನ್ನೇ ಮಾಡಿದಳು: ಉಪ್ಪು, ಅರಶಿನ, ಲಿಂಬೆಹುಳಿ ಹಾಕಿ ಉಜ್ಜಿದಳು. ಈಗ ಸ್ಕೀಗೆ ಹೊಂಬಣ್ಣ ಬಂತು, ಕಾವಲಿಯ ಮೇಲೆ ಕಾಯಿಸುವುದೊಂದೇ ಬಾಕಿ ಎಂಬ ಪರಿಮಳವೂ ಬಂತು. ಊದುಬತ್ತಿ ಹಚ್ಚಿದೆವು. ಹಮೀದಣ್ಣ ಇಳಿದು ಬಂದು ಮೂಸಿ, "ಯಲ್ಲಾ, ಬೇಗ ಹೇಳಿ, ಊಟಕ್ಕೆ ಎಷ್ಟು ಗಂಟೆಗೆ ಬರ್ಬೇಕು?" ಎಂದ.

ಹಾನ್ಸ್ ಬಂದರು. ಸ್ವಲ್ಪ ಕುಂಟುತ್ತಿದ್ದರು. ಸ್ಕೀಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಅಂಚಿನುದ್ದಕ್ಕೂ ಬೆರಳಾಡಿಸಿದರು. ತುಕ್ಕಿನ ಒಂದು ಚುಕ್ಕಿಯೂ ಇರಲಿಲ್ಲ. ಆಮೇಲೆ ಮೂಗು ಅರಳಿತು. ಇದಕ್ಕೆ ಏನು ಹಚ್ಚಿದ್ದೀರಿ ಎಂದು ಕೇಳಿದರು.

ಗುಳಿಗೆಯ ಡಬ್ಬಿಯ ಮೇಲೆ ಬರೆದದ್ದು ನೆನಪಾಯಿತು. "ಒಮೇಗಾ ತ್ರೀ" ಎಂದೆ.

ಹಾನ್ಸ್ ಗಂಭೀರವಾಗಿ ತಲೆಯಾಡಿಸಿ, ಹೃದಯಕ್ಕೆ ಒಳ್ಳೆಯದು ಎಂದರು. ಆಮೇಲೆ ತಮ್ಮ ಮಂಡಿಯ ಆಪರೇಷನ್ ಆದದ್ದನ್ನು, ಇನ್ನು ಸ್ಕೀ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದನ್ನು ತಿಳಿಸಿದರು. ಒಯ್ಯುವುದಕ್ಕೆ ಬಂದದ್ದಲ್ಲವಂತೆ, ನೋಡಿ ಹೋಗಲು ಬಂದದ್ದಂತೆ. ಡಾಕ್ಟರಿಗೇನು ಗೊತ್ತು, ಮುಂದಿನ ವರ್ಷ ಖಂಡಿತ ಒಯ್ಯುತ್ತೇನೆ ಎಂದು ನನ್ನ ಕೈ ಹಿಡಿದು ಹೇಳಿದರು. ನಾನು ಸ್ಕೀಯನ್ನು ಮತ್ತೆ ಬಾಗಿಲ ಹಿಂದೆ ನಿಲ್ಲಿಸಿದೆ.

ಅವರು ಹೋದ ಮೇಲೆ ಅತ್ತೆಗೆ ಎಲ್ಲ ವಿವರಿಸಿದೆ.

"ಪಾಪ. ತುಕ್ಕು ಹಿಡೀಲಿಲ್ಲ ಅಲ್ವಾ, ಅಷ್ಟು ಸಾಕು" ಎಂದರು. "ನಿಮ್ಮ ಬೈಕಿಗೂ ಪ್ರತಿ ಮಳೆಗಾಲ ನಾನು ಮೀನೆಣ್ಣೆಯೇ ಹಚ್ಚುವುದು."

ನನ್ನ ಕಣ್ಣ ಮುಂದೆ ಊರಿನ ಬೆಕ್ಕುಗಳೆಲ್ಲ ಸಾಲಾಗಿ ಹಾದು ಹೋದವು.

"ಅವರ ಸೀಸನ್ ಇರ್ಲಿ, ನಿಮ್ಮದು ಯಾವಾಗ ಅಳಿಯಂದ್ರೆ?"

"ಮುಂದಿನ ವರ್ಷ ಅತ್ತೆ. ಖಂಡಿತ" ಎಂದೆ. ಹೇಳಿದ ಮೇಲೆ ಆ ಮಾತನ್ನು ಈಗಷ್ಟೇ ಎಲ್ಲೋ ಕೇಳಿದಂತಾಯಿತು.

ಊರಿಗೆ ಹೊರಡುವಾಗ ಎಲ್ಲರೂ ಖರ್ಜೂರ, ಬಾದಾಮಿ ಕಟ್ಟಿಕೊಂಡರೆ ಅತ್ತೆ ಆ ಗುಳಿಗೆಯ ದೊಡ್ಡ ಡಬ್ಬಿಗಳನ್ನೇ ತರಿಸಿ ಸೀರೆಗಳ ನಡುವೆ ಜೋಡಿಸಿದರು. ಇಷ್ಟೊಂದು ಯಾಕೆ ಎಂದು ಕೇಳಿದೆ.

"ಬೈಕಿಗೆ ಬೇಕಲ್ಲ, ಇನ್ನೂ ತುಂಬ ಮಳೆಗಾಲ ಉಂಟು" ಎಂದು ಪೆಟ್ಟಿಗೆಯ ಜಿಪ್ ಎಳೆದರು.