ಎಂಟು ಗಂಟೆಯಲ್ಲಿ ಷಿಯಾನ್

ವಾಷಿಂಗ್ಟನ್ ನಗರವನ್ನು ಐದೂವರೆ ಗಂಟೆಯಲ್ಲಿ ತೋರಿಸಿ ಮುಗಿಸಬಲ್ಲೆ ಎಂಬುದು ನನ್ನ ಬಹುದಿನಗಳ ಹೆಮ್ಮೆ. ಪಾರ್ಕಿಂಗ್ ಹುಡುಕುವುದು, ಹುಲ್ಲಿನ ಮೇಲೆ ಕುಳಿತು ಮೊಸರನ್ನ ತಿನ್ನುವುದು, ಹಿರಿಯರನ್ನು ಎರಡು ಸಲ ರೆಸ್ಟ್‌ರೂಮಿಗೆ ಕರೆದೊಯ್ಯುವುದು, ಎಲ್ಲವೂ ಆ ಐದೂವರೆ ಗಂಟೆಯೊಳಗೇ. ನಾನು ವಾಷಿಂಗ್ಟನ್ ಪಕ್ಕದ ಆಶ್‌ಬರ್ನ್‌ಗೆ ಬಂದು ಹದಿನಾರು ವರ್ಷವಾಯಿತು. ಊರಿನಿಂದ ಅಪ್ಪ, ಅಮ್ಮ, ಚಿಕ್ಕಮ್ಮ, ನಮ್ಮ ಮನೆಯವರ ಸೋದರಮಾವ, ಆ ಸೋದರಮಾವನ ಬೀಗರು, ಯಾರೇ ಬರಲಿ, ಮೊದಲ ಶನಿವಾರ ಅವರು ನನ್ನ ವಶ. ಭಾನುವಾರ ಲ್ಯಾನ್‌ಹ್ಯಾಮ್ ದೇವಸ್ಥಾನ, ಆಮೇಲೆ ಅಲ್ಲಿಯ ಕ್ಯಾಂಟೀನಿನ ದೋಸೆ. ಮುಂದಿನ ವಾರ ಷಾರ್ಲೆಟ್‌ನಲ್ಲಿರುವ ಮೈದುನನ ಮನೆಗೆ ಅವರನ್ನು ರವಾನಿಸಿದರೆ ಅತಿಥಿಸತ್ಕಾರದ ಮೊದಲ ಅಧ್ಯಾಯ ಮುಗಿಯಿತು.

ನನ್ನದೊಂದು ಪದ್ಧತಿಯಿದೆ. ಕೆಂಪು ಛತ್ರಿಯನ್ನು ಮಡಚಿ ಮೇಲಕ್ಕೆ ಎತ್ತಿಕೊಂಡು ಮುಂದೆ ನಡೆಯುತ್ತೇನೆ. ಸೀರೆ, ಪಂಚೆ, ಹೊಸ ಬಿಳಿ ಸ್ನೀಕರ್ಸ್‌ಗಳ ಪರಿವಾರ ಹಿಂದೆ ಬರುತ್ತದೆ. ಪ್ರತಿ ಕಟ್ಟಡದ ಮುಂದೆ ಎಲ್ಲಿ ನಿಂತರೆ ಗುಮ್ಮಟ ತಲೆಯ ಮೇಲೆ ಸರಿಯಾಗಿ ಬರುತ್ತದೆ ಎಂಬುದು ನನಗೆ ಬಾಯಿಪಾಠ. ನಿಲ್ಲಿಸು, ನಗಿಸು, ತೆಗೆ, ಹೊರಡು. ನಗಬೇಡಿ, ಇದರಲ್ಲೂ ಒಂದು ಪಾಂಡಿತ್ಯವಿದೆ. ಯಾತ್ರಾಸ್ಥಳಗಳಲ್ಲಿ ಬಸ್ಸಿಳಿಯುವ ಮೊದಲೇ ನಮ್ಮ ಗೋತ್ರ ಕೇಳಿ, ಸ್ನಾನ, ಸಂಕಲ್ಪ, ದರ್ಶನ ಎಲ್ಲವನ್ನೂ ಒಂದೇ ಉಸಿರಿಗೆ ಮುಗಿಸಿ ಮುಂದಿನ ಬಸ್ಸಿನ ಕಡೆ ಓಡುತ್ತಿದ್ದ ಪುರೋಹಿತರ ಪರಂಪರೆಗೆ ನಾನು ಸೇರಿದವಳು. ದಕ್ಷಿಣೆಯೊಂದು ಇಲ್ಲ, ಅಷ್ಟೇ.

ಈ ಪದ್ಧತಿಗೆ ಮೊದಲ ತಡೆ ಒಡ್ಡಿದವರು ನಮ್ಮ ಅತ್ತೆ. ಅವರು ಬಾಗಲಕೋಟೆಯವರು. ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಇತಿಹಾಸ ಪಾಠ ಹೇಳಿ ನಿವೃತ್ತರಾದವರು. ಕಲ್ಲಿನ ಮೇಲೆ ಅಕ್ಷರ ಕಂಡರೆ ಅವರ ಕಾಲು ಮುಂದಕ್ಕೆ ಹೋಗುವುದಿಲ್ಲ. ಕಳೆದ ವರ್ಷ ಬಂದಾಗ, ಕಲ್ಲಿನ ಕುರ್ಚಿಯ ಮೇಲೆ ಅಧ್ಯಕ್ಷರೊಬ್ಬರು ಕುಳಿತಿರುವ ಆ ದೊಡ್ಡ ಸ್ಮಾರಕದೊಳಗೆ ಹೋದೆವು. ಗೋಡೆಯ ತುಂಬ ಅವರ ಭಾಷಣ ಕೆತ್ತಿದ್ದಾರೆ. ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೆರಳೆತ್ತಿ, ಒಂದೊಂದೇ ಇಂಗ್ಲಿಷ್ ಶಬ್ದವನ್ನು ಕನ್ನಡಕದ ಕೆಳಗಿನಿಂದ ಓದತೊಡಗಿದರು. ಮೂರನೇ ಸಾಲಿಗೆ ಬರುವಷ್ಟರಲ್ಲಿ ನಾನು ನಿಗದಿ ಮಾಡಿದ್ದ ಹತ್ತು ನಿಮಿಷ ಮುಗಿದಿತ್ತು.

"ಅತ್ತೆ, ಬನ್ನಿ, ಪಾರ್ಕಿಂಗ್ ಟೈಮ್ ಮುಗಿಯುತ್ತೆ" ಎಂದೆ.

"ತಡಿಯವ್ವಾ, ಓದಿ ಬರತೀನಿ. ಇಷ್ಟ್ ಛಂದ ಕೆತ್ಯಾರ."

"ನಾನು ಫೋಟೋ ತೆಗೆದಿದ್ದೀನಲ್ಲ ಅತ್ತೆ. ಮನೇಲಿ ಆರಾಮಾಗಿ ಝೂಮ್ ಮಾಡ್ಕೊಂಡು ಓದಬಹುದು."

ಅವರು ಸಿಕ್ಕಿಸಿದ್ದ ಸೆರಗು ಬಿಡಿಸಿಕೊಂಡು ನನ್ನ ಛತ್ರಿಯ ಹಿಂದೆ ಬಂದರು. ಮನೆಯಲ್ಲಿ ಝೂಮ್ ಮಾಡಿದರೆ? ಅಕ್ಷರ ಕಾಣುವಲ್ಲೆಲ್ಲ ನಮ್ಮ ಪರಿವಾರದ ತಲೆಗಳು ಅಡ್ಡ ನಿಂತಿದ್ದವು. ನಾನು ಅದನ್ನು ಮರೆತೆ. ಅವರೂ ಮರೆತರೆಂದೇ ತಿಳಿದಿದ್ದೆ.

ಐದು ತಿಂಗಳಾದ ಮೇಲೆ ಅತ್ತೆಯನ್ನು ಊರಿಗೆ ಬಿಟ್ಟುಬರುವ ಪಾಳಿ ನನ್ನದಾಯಿತು. ನಮ್ಮ ಮನೆಯವರು ಟಿಕೆಟ್ ಹುಡುಕುತ್ತಾ, "ಚೀನಾ ಮೇಲೆ ಹೋದ್ರೆ ನಡುವೆ ಷಿಯಾನ್‌ನಲ್ಲಿ ಎರಡು ರಾತ್ರಿ ಸಿಗುತ್ತೆ, ಅಲ್ಲಿಂದ ಸಿಂಗಪುರ, ಬೆಂಗಳೂರು" ಎಂದರು. ಹಳೇ ಕಾಲದಲ್ಲಿ ಆ ಊರಿಗೆ ಚಾಂಗ್‌ಆನ್ ಎಂಬ ಹೆಸರಿತ್ತು ಎಂದು ಫೋನು ನೋಡಿ ಓದಿದರು. ಸೋಫಾದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಬಟ್ಟಲು ಕೆಳಗಿಟ್ಟರು.

"ಚಾಂಗ್‌ಆನ್? ಅಂವ ಇದ್ದ ಊರು?"

ಅಂವ ಎಂದರೆ ಯಾರೆಂದು ನಿಮಗೂ ಗೊತ್ತು. ಏಳನೇ ಶತಮಾನದಲ್ಲಿ ಚೀನಾದಿಂದ ಬೌದ್ಧ ಗ್ರಂಥಗಳನ್ನು ಹುಡುಕಿಕೊಂಡು ನಡೆದೇ ನಮ್ಮ ದೇಶಕ್ಕೆ ಬಂದ ಯಾತ್ರಿಕ. ನಮ್ಮ ಪಾಠಪುಸ್ತಕಗಳಲ್ಲಿ ಬೆನ್ನ ಮೇಲೆ ಬುಟ್ಟಿ ಹೊತ್ತ ಅವರ ಚಿತ್ರಕ್ಕೆ ಎಲ್ಲರೂ ಮೀಸೆ ಬರೆದಿದ್ದೇವೆ. ಅವರ ಹೆಸರನ್ನು ನಾನು ಒಂದೊಂದು ಪರೀಕ್ಷೆಯಲ್ಲಿ ಒಂದೊಂದು ರೀತಿ ಬರೆದು ಅವಮಾನ ಮಾಡಿರುವುದರಿಂದ ಇಲ್ಲಿ ಮತ್ತೆ ಪ್ರಯತ್ನಿಸುವುದಿಲ್ಲ. ಚಾಲುಕ್ಯರ ನಾಡಿಗೆ ಬಂದು, ಇಲ್ಲಿಯ ಜನ ಸ್ವಾಭಿಮಾನಿಗಳು, ಉಪಕಾರ ಮರೆಯದವರು ಎಂದು ಬರೆದಿಟ್ಟ ಮಹಾನುಭಾವರು. ಬಾದಾಮಿಯ ತನಕ ಬಂದಿದ್ದರೇ ಇಲ್ಲವೇ ಎಂದು ವಿದ್ವಾಂಸರು ಇನ್ನೂ ಜಗಳವಾಡುತ್ತಾರಂತೆ. ಅತ್ತೆಗೆ ಮಾತ್ರ ಸಂಶಯವೇ ಇಲ್ಲ. ಬಾದಾಮಿಯ ಹೊಂಡದಲ್ಲಿ ಆ ಯಾತ್ರಿಕರು ಕಾಲು ತೊಳೆದುಕೊಂಡದ್ದನ್ನು ತಾವೇ ಕಂಡವರಂತೆ ಪಾಠ ಹೇಳುತ್ತಿದ್ದರಂತೆ.

ಆ ರಾತ್ರಿಯೇ ಒಂದು ಜಾಹೀರಾತಿನ ಲಕೋಟೆಯ ಹಿಂಬದಿಯಲ್ಲಿ ನಕಾಶೆ ಬರೆದರು. ಚಾಂಗ್‌ಆನ್‌ನಿಂದ ಹೊರಟ ಗೆರೆ ಮರುಭೂಮಿ ದಾಟಿ, ಹಿಮದ ಗುಡ್ಡಗಳನ್ನು ಬಳಸಿ, ಗಂಗೆಯ ಬಯಲಿಗಿಳಿದು, ನಮ್ಮ ಸೀಮೆಯನ್ನು ಸುತ್ತಿ, ಮತ್ತೆ ಹೊರಟಲ್ಲಿಗೇ ಬಂದು ನಿಂತಿತು. ಒಮ್ಮೆಯೂ ಪೆನ್ನು ಎತ್ತಲಿಲ್ಲ. ಮೂವತ್ತೊಂದು ವರ್ಷ ಕರಿಹಲಗೆಯ ಮೇಲೆ ಬರೆದ ಕೈ. "ಇಲ್ಲಿಂದ ಒಯ್ದ ಪುಸ್ತಕಾ ಇಡಾಕ ಒಂದು ಗೋಪುರ ಕಟ್ಟಿಸಿದ್ರು. ಇನ್ನೂ ಐತಂತ. ಅದನ್ನೊಂದು ತೋರ್ಸು, ಮತ್ತೇನೂ ಬ್ಯಾಡ" ಎಂದರು.

"ಬರೀ ಗೋಪುರ ಯಾಕೆ ಅತ್ತೆ, ಇಡೀ ಊರೇ ತೋರಿಸ್ತೀನಿ" ಎಂದೆ. ನಾನು ಹಾಗೆಯೇ. ಆನ್‌ಲೈನಿನಲ್ಲಿ 'ಎಂಟು ಗಂಟೆಯಲ್ಲಿ ಷಿಯಾನ್' ಎಂಬ ಪ್ರವಾಸ ಸಿಕ್ಕಿದಾಗ ಅದರ ಹೆಸರಿಗೇ ಮನಸೋತೆ. ಆ ಯಾತ್ರಿಕರು ಹೋಗಿ ಬರಲು ಹದಿನೇಳು ವರ್ಷ ತೆಗೆದುಕೊಂಡಿದ್ದರು. ಪಾಪ, ಅವರಿಗೆ ಪ್ಯಾಕೇಜ್ ಸಿಕ್ಕಿರಲಿಲ್ಲ.

ನಮ್ಮ ಗೈಡ್ ಲಿನ್ ಎಂಬ ಹುಡುಗಿ. ಇಪ್ಪತ್ತೈದರ ಆಸುಪಾಸು, ಚುರುಕು ಕಣ್ಣು, ಸ್ಪಷ್ಟ ಇಂಗ್ಲಿಷ್. ಕೈಯಲ್ಲಿ ಒಂದು ಕೋಲು, ಅದರ ತುದಿಗೆ ಹಳದಿ ಬಾವುಟ. ನೋಡಿದ ತಕ್ಷಣ ನಮ್ಮ ಕುಲದವಳೇ ಎಂದು ಗುರುತಿಸಿದೆ. ವ್ಯಾನಿನಲ್ಲಿದ್ದ ಒಂಬತ್ತು ಮಂದಿಯನ್ನು ಅವಳು ಎರಡೆರಡು ಸಲ ಎಣಿಸಿದಳು. ಯಾವ ಕಡೆ ನಿಂತರೆ ಬಿಸಿಲು ಮುಖಕ್ಕೆ ಹೊಡೆಯುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ವಾಷಿಂಗ್ಟನ್ನಿಗೆ ಬಂದರೆ ನನ್ನ ಛತ್ರಿಯನ್ನೇ ಇವಳಿಗೆ ಒಪ್ಪಿಸಬಹುದು ಎಂದುಕೊಂಡೆ.

ಬೆಳಿಗ್ಗೆ ಮಣ್ಣಿನ ಸೈನಿಕರನ್ನು ನೋಡಿದೆವು. ಸತ್ತ ಚಕ್ರವರ್ತಿಯ ಕಾವಲಿಗೆ ನೆಲದೊಳಗೆ ಸಾಲುಸಾಲಾಗಿ ನಿಂತವರು, ಒಬ್ಬನ ಮುಖದಂತೆ ಇನ್ನೊಬ್ಬನದಿಲ್ಲ. "ಇಷ್ಟು ಮಂದಿ ಒಟ್ಟಿಗೆ ಸುಮ್ಮನ ನಿಂತದ್ದು ನಾ ಇದ ಮೊದಲ ನೋಡಿದ್ದು" ಎಂದರು ಅತ್ತೆ. ತಾವು ಪಾಠ ಹೇಳಿದ ಎಂಟನೇ ಕ್ಲಾಸಿನ ಹುಡುಗರ ನೆನಪು. ಆಮೇಲೆ ಊರ ಕೋಟೆ. ಮೇಲೆ ಕಾರು ಓಡಿಸಬಹುದಾದಷ್ಟು ಅಗಲ. ಮಧ್ಯಾಹ್ನ ಎಲ್ಲರೂ ನೂಡಲ್ಸಿಗೆ ಕುಳಿತಾಗ ನಾವು ಚಪಾತಿ, ಶೇಂಗಾ ಚಟ್ನಿಪುಡಿ ಬಿಚ್ಚಿದೆವು. ಲಿನ್ ರುಚಿ ನೋಡಿ, ಕಣ್ಣರಳಿಸಿ, ಇನ್ನೊಂದು ಚಮಚ ಕೇಳಿದಳು. ಖಾರದ ವಿಷಯದಲ್ಲಿ ಷಿಯಾನ್ ಮತ್ತು ಬಾಗಲಕೋಟೆಗಳ ನಡುವೆ ಹಿಮಾಲಯವೇನೂ ಅಡ್ಡವಿಲ್ಲ ಎಂದು ನನಗನ್ನಿಸಿತು. ಅತ್ತೆ ಮಾತ್ರ ಅರ್ಧ ಚಪಾತಿ ಬಿಟ್ಟು, "ಗೋಪುರ ಯಾವಾಗ?" ಎಂದು ಮೂರನೇ ಸಲ ಕೇಳಿದರು.

"ಕೊನೇಗೆ ಅತ್ತೆ. ಲಿಸ್ಟ್‌ನಲ್ಲಿದೆ, ಯೋಚನೆ ಮಾಡಬೇಡಿ."

ಊಟದ ನಂತರ ರೇಷ್ಮೆ ಅಂಗಡಿ. ಪ್ರಪಂಚದ ಯಾವ ಮೂಲೆಯಲ್ಲೂ ಗೈಡ್ ಇದ್ದಲ್ಲಿ ಅಂಗಡಿ ಇದ್ದೇ ಇರುತ್ತದೆ. ಇಪ್ಪತ್ತು ನಿಮಿಷವೆಂದದ್ದು ಒಂದು ಗಂಟೆಯಾಯಿತು. ಅಟ್ಲಾಂಟಾದಿಂದ ಬಂದಿದ್ದ ದಂಪತಿಗಳು ಹೊದಿಕೆಯೊಂದರ ಬಣ್ಣದ ಬಗ್ಗೆ ಒಮ್ಮತಕ್ಕೆ ಬರಲಿಲ್ಲ. ಸತ್ಯ ಹೇಳಬೇಕೆಂದರೆ ನಾನೂ ಮೂರು ದುಪಟ್ಟಾ ತೆಗೆಸಿ ನೋಡಿದೆ. ಅತ್ತೆ ಬಾಗಿಲ ಬಳಿಯ ಕುರ್ಚಿಯಲ್ಲಿ ವ್ಯಾನಿಟಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಬ್ಯಾಗಿನ ಬಾಯಿಂದ ಲಕೋಟೆಯ ತುದಿ ಕಾಣುತ್ತಿತ್ತು. ಗಳಿಗೆಗೊಮ್ಮೆ ಗೋಡೆಯ ಗಡಿಯಾರ ನೋಡುತ್ತಿದ್ದರು, ನನ್ನನ್ನು ಕರೆಯಲಿಲ್ಲ.

ಕೊನೆಗೆ ಗೋಪುರ ಬಂತು. ಬಂತು ಎಂದರೆ, ಅಗಲವಾದ ರಸ್ತೆಯಾಚೆ, ಮರಗಳ ಮೇಲೆ, ಮಣ್ಣಿನ ಬಣ್ಣದ ಏಳು ಅಂತಸ್ತು ಕಂಡವು. ವ್ಯಾನು ಈಚೆ ಬದಿಯಲ್ಲೇ ನಿಂತಿತು. ಅಂಗಡಿಯಲ್ಲಿ ತಡವಾಯಿತು, ಕೆಲವರು ಸಂಜೆಯ ರೈಲು ಹಿಡಿಯಬೇಕು, ಆದ್ದರಿಂದ ಇಲ್ಲಿಂದಲೇ ಫೋಟೋ, ಐದು ನಿಮಿಷ ಎಂದಳು ಲಿನ್. ಅತ್ತೆ ಆಗಲೇ ರಸ್ತೆಯ ಅಂಚಿಗೆ ಹೋಗಿ ನಿಂತಿದ್ದರು. ಲಿನ್ ಓಡಿಹೋಗಿ, ಮೃದುವಾಗಿ ಅವರ ತೋಳು ಹಿಡಿದು, ಹಳದಿ ಬಾವುಟವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೇಳಿದಳು: ಅಜ್ಜಿ, ನಾನು ಚೆನ್ನಾಗಿ ಫೋಟೋ ತೆಗೆದುಕೊಡುತ್ತೇನೆ, ಹೋಟೆಲಿನಲ್ಲಿ ಝೂಮ್ ಮಾಡಿ ನೋಡಬಹುದು.

ಅತ್ತೆ ತಿರುಗಿ ನನ್ನ ಕಡೆ ನೋಡಿದರು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಸಿಟ್ಟಿದ್ದಿದ್ದರೆ ನಾನೂ ಎರಡು ಮಾತಾಡಿ ತಪ್ಪಿಸಿಕೊಳ್ಳುತ್ತಿದ್ದೆ. "ಆತು ಬಿಡವ್ವಾ, ಕಂಡ್ತಲ್ಲ" ಎಂದು ವ್ಯಾನಿನ ಕಡೆ ಹೆಜ್ಜೆ ಹಾಕಿದರು. ನನಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅತ್ತೆ ಕೇಳಿದ್ದು ಒಂದೇ ಒಂದು. ನಾನು ಇಡೀ ಊರು ತೋರಿಸಿ, ಅದೊಂದನ್ನು ತಪ್ಪಿಸಿದ್ದೆ.

ಆದರೆ ನಾನು ನಾಚಿಕೆಯಲ್ಲಿ ಬಹಳ ಹೊತ್ತು ಕೂರುವವಳಲ್ಲ. "ಲಿನ್, ನೀವು ಹೊರಡಿ. ನಾವಿಬ್ಬರೂ ಇಲ್ಲೇ ಉಳಿದುಕೊಳ್ಳುತ್ತೇವೆ" ಎಂದೆ. ಅವಳು ಗಾಬರಿಯಾದಳು. ಒಂಬತ್ತು ಮಂದಿಯನ್ನು ಕರೆದೊಯ್ದು ಏಳು ಮಂದಿಯನ್ನು ತಂದರೆ ಆಫೀಸಿನಲ್ಲಿ ಏನು ಹೇಳಬೇಕು? ನಮಗೆ ಭಾಷೆ ಬಾರದು, ಟ್ಯಾಕ್ಸಿಯವರು ಫೋನಿನಲ್ಲೇ ದುಡ್ಡು ಕೇಳುತ್ತಾರೆ, ಅಜ್ಜಿಗೆ ವಯಸ್ಸಾಗಿದೆ. ನಾನೇ ಆಗಿದ್ದರೂ ಇದನ್ನೇ ಹೇಳುತ್ತಿದ್ದೆ, ಇನ್ನೂ ಸ್ವಲ್ಪ ಜೋರಾಗಿ.

ಆಗ ಅತ್ತೆ ಬ್ಯಾಗಿನಿಂದ ಲಕೋಟೆ ತೆಗೆದು ಅವಳ ಮುಂದೆ ಹಿಡಿದರು. ಊರಿನ ಹೆಸರುಗಳೆಲ್ಲ ಕನ್ನಡದಲ್ಲಿದ್ದವು. ಲಿನ್ ಒಂದು ಕ್ಷಣ ನೋಡಿ, ಮೇಲಿನ ಬಲತುದಿಯ ಚುಕ್ಕೆಯ ಮೇಲೆ ಬೆರಳಿಟ್ಟು "ಚಾಂಗ್‌ಆನ್" ಎಂದಳು. ಮರುಭೂಮಿಯಲ್ಲಿ ಬೆರಳು ಹರಿಸುತ್ತಾ ಅವಳದೇ ಭಾಷೆಯಲ್ಲಿ ಒಂದೊಂದೇ ಹೆಸರು ಹೇಳಿದಳು. ಅತ್ತೆ ಅದೇ ಜಾಗಕ್ಕೆ ತಮ್ಮ ಹೆಸರು ಹೇಳಿದರು. ಅವಳೂ ಇದನ್ನು ಶಾಲೆಯಲ್ಲಿ ಕಲಿತವಳೇ. ದಕ್ಷಿಣದ ಕೊನೆಯ ಸುತ್ತಿಗೆ ಬಂದಾಗ ಅವಳ ಬೆರಳು ನಿಂತಿತು, ಮುಖವೆತ್ತಿ ನೋಡಿದಳು. ಅತ್ತೆ ಎದೆ ಮುಟ್ಟಿಕೊಂಡು ತಮ್ಮ ಇಂಗ್ಲಿಷಿನಲ್ಲಿ "ದಿಸ್, ಅಸ್" ಎಂದರು.

ಲಿನ್ ಗಡಿಯಾರ ನೋಡಲಿಲ್ಲ. ನಾವು ಸ್ವಂತ ಇಚ್ಛೆಯಿಂದ ಉಳಿದೆವೆಂದು ಅವಳ ಹಾಳೆಯಲ್ಲಿ ನನ್ನಿಂದ ಬರೆಸಿಕೊಂಡು, ಹೋಟೆಲಿನ ವಿಳಾಸವನ್ನು ಚೀನೀ ಅಕ್ಷರಗಳಲ್ಲಿ ಬರೆದುಕೊಟ್ಟು, ಟಿಕೆಟ್ ಕಿಟಕಿ ಮುಚ್ಚಲು ಇನ್ನು ಅರ್ಧ ಗಂಟೆಯಿದೆ, ಬೇಗ ಹೋಗಿ ಎಂದಳು. ವ್ಯಾನು ಹೋಯಿತು. ಅದರ ಜೊತೆಗೇ ಪ್ಯಾಕೇಜಿನಲ್ಲಿ ರಾತ್ರಿಗೆ ನಮಗೆಂದು ವಿಶೇಷವಾಗಿ ಹೇಳಿಸಿದ್ದ ಸೊಪ್ಪಿನ ಕಡುಬಿನ ಊಟವೂ ಹೋಯಿತು.

ಚೌಕದಲ್ಲಿ ಆ ಯಾತ್ರಿಕರ ದೊಡ್ಡ ಕಂಚಿನ ಪ್ರತಿಮೆಯಿದೆ. ಕೈಯಲ್ಲಿ ಕೋಲು ಹಿಡಿದು ನಡೆಯುವ ಭಂಗಿ. ನಾನು ಅಭ್ಯಾಸದಂತೆ ಫೋನು ತೆಗೆದೆ. ಅತ್ತೆ ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಅದರ ಮುಂದೆ ನಿಂತು ಮಾತಾಡಿಸಿದರು. ಊರಲ್ಲಿ ಪಕ್ಕದ ಮನೆಯವರನ್ನು ಮಾತಾಡಿಸುವ ಧಾಟಿಯಲ್ಲೇ:

"ಬಂದೆ ನೋಡಪಾ. ನೀ ಅಷ್ಟು ದೂರ ನಡಕೋತ ನಮ್ಮೂರಿಗೆ ಬಂದಿದ್ದಿ. ನಮ್ಮ ಕಡಿಂದ ಯಾರಿಗೂ ತಿರುಗಿ ಬರಾಕ ಆಗಿರಲಿಲ್ಲ. ತಡಾ ಆತು, ಬ್ಯಾಸರಾ ಮಾಡ್ಕೋಬ್ಯಾಡ."

ಮನೆಗೆ ಬಂದವರ ಮನೆಗೆ ನಾವೂ ಒಮ್ಮೆ ಹೋಗಿಬರಬೇಕು ಎಂಬುದು ನಮ್ಮಲ್ಲಿ ಸಾಮಾನ್ಯ ಸೌಜನ್ಯ. ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷದಿಂದ ಬಾಕಿ ಉಳಿದಿದ್ದ ಭೇಟಿಯನ್ನು ನಮ್ಮ ಅತ್ತೆ ತೀರಿಸಿದರು. ನನಗೆ ಅಳು ಬಂತು. ಫೋಟೋ ತೆಗೆಯಲಿಲ್ಲ. ಗೋಪುರದ ಅಂಗಳದಲ್ಲಿ ಬಾಗಿಲು ಮುಚ್ಚುವ ತನಕ ಕುಳಿತಿದ್ದೆವು. ಓದಲು ಬಾರದ ಕಲ್ಲಿನ ಅಕ್ಷರಗಳ ಮೇಲೂ ಅತ್ತೆ ಸಾಲು ತಪ್ಪದಂತೆ ಬೆರಳಾಡಿಸಿದರು. ಆಮೇಲೆ ಮೂರು ಟ್ಯಾಕ್ಸಿಯವರು ನನ್ನ ನೋಟುಗಳನ್ನು ನೋಡಿ ಮುಂದೆ ಹೋದರು, ನಾಲ್ಕನೆಯವನು ಕರುಣೆ ತೋರಿಸಿದ. ಉಳಿದಿದ್ದ ಚಪಾತಿಯನ್ನೇ ಹೋಟೆಲಿನಲ್ಲಿ ತಿಂದೆವು.

ನಾನು ವಾಪಸ್ ಬಂದ ಎರಡನೇ ಭಾನುವಾರ ಬೆಳಿಗ್ಗೆ ಒಬ್ಬಳೇ ವಾಷಿಂಗ್ಟನ್ನಿಗೆ ಡ್ರೈವ್ ಮಾಡಿಕೊಂಡು ಹೋದೆ. ಛತ್ರಿ ಒಯ್ಯಲಿಲ್ಲ. ಕಲ್ಲಿನ ಕುರ್ಚಿಯ ಅಧ್ಯಕ್ಷರ ಪಕ್ಕದ ಗೋಡೆಯ ಮುಂದೆ ನಿಂತು ಅತ್ತೆಗೆ ವಿಡಿಯೋ ಕಾಲ್ ಮಾಡಿದೆ. ಬಾಗಲಕೋಟೆಯಲ್ಲಿ ಸಂಜೆ. ಅತ್ತೆ ಕನ್ನಡಕ ಹಾಕಿಕೊಂಡು ಕುರ್ಚಿ ಎಳೆದುಕೊಂಡರು. ಅಂದು ಬಿಟ್ಟ ಮೂರನೇ ಸಾಲಿನಿಂದಲೇ ಶುರುಮಾಡಿದರು. ಮರೆತಿರಲಿಲ್ಲ, ನೋಡಿ. ಹದಿನೈದು ನಿಮಿಷದಲ್ಲಿ ನನ್ನ ತೋಳು ಸೋತು ಫೋನು ಅಲ್ಲಾಡತೊಡಗಿತು. ಮೇಲಿನ ಸಾಲುಗಳು ಅವರಿಗೆ ಮಸುಕಾಗಿ ಕಾಣುತ್ತಿದ್ದವು.

"ಝೂಮ್ ಮಾಡ್ಲಾ ಅತ್ತೆ?"

"ಝೂಮ್ ಬ್ಯಾಡ" ಎಂದರು. "ನೀನ ಹತ್ರ ಹೋಗು."