ಬ್ರೋಚಿನ ಬೆನ್ನು ನೋಡುತ್ತಿದ್ದ ಆತ್ಯಾ

ಸೂಜಿಯ ತುದಿ ಬ್ರೋಚಿನ ಅಂಚಿನಿಂದ ಒಂದು ಜೋಳದ ಕಾಳಿನಷ್ಟು ಹೊರಗೆ ಚಾಚಿರಬೇಕು. ಹಿಂದಿನ ಕೊಕ್ಕೆ ಬರೀ ಬಾಗಿದ ತಂತಿಯಾಗಿರಬೇಕು. ತಿರುಗಿಸಿ ಭದ್ರ ಮಾಡುವ ಲಾಕು ಇದ್ದರೆ ಅದು ನಿನ್ನೆ ಮೊನ್ನೆಯದು. ಮಾಳಮಡ್ಡಿಯ ಸುಶೀಲಾ ಆತ್ಯಾ, ಅಂದರೆ ನಮ್ಮಪ್ಪನ ಅಕ್ಕ, ಹಳೆಯ ಬ್ರೋಚನ್ನು ಗುರುತಿಸುತ್ತಿದ್ದುದು ಹೀಗೆ.

ಆತ್ಯಾ ನಿವೃತ್ತ ಮುಖ್ಯೋಪಾಧ್ಯಾಯಿನಿ. ಯಾವ ಸಮಾರಂಭಕ್ಕೆ ಹೋದರೂ ಇಳಕಲ್ ಸೀರೆ, ಎಡ ಹೆಗಲ ಮೇಲೆ ಮುತ್ತಿನ ಗೊಂಚಲಿನ ಬ್ರೋಚು. ಅದನ್ನು ಅವರ ಅಜ್ಜಿಗೆ ಒಬ್ಬ ಇಂಗ್ಲಿಷ್ ಕಲೆಕ್ಟರನ ಹೆಂಡತಿ ಕೊಟ್ಟಿದ್ದಳಂತೆ. ಯಾಕೆ ಕೊಟ್ಟಳು ಎಂಬುದು ಮದುವೆಯಿಂದ ಮದುವೆಗೆ ಬದಲಾಗುತ್ತಿತ್ತು. ಬೇರೆಯವರ ಬ್ರೋಚನ್ನು ಮಾತ್ರ ಕೇಳದೆಯೇ ಬಿಚ್ಚಿ, ಸಾಲಿ ಹುಡುಗರ ಕಿವಿ ಪರೀಕ್ಷಿಸುವ ಹಾಗೆ ಮಗುಚುತ್ತಿದ್ದರು. “ಮುಖಾ ನೋಡಿ ಏನ್ ಮಾಡ್ತೀ? ಹಿಂದ ನೋಡು.” ಅವರು ಬಾಗಿಲಲ್ಲಿ ಕಂಡರೆ ಹೆಂಗಸರ ಸೆರಗುಗಳು ತಾವಾಗಿಯೇ ಹೆಗಲು ಮುಚ್ಚಿಕೊಳ್ಳುತ್ತಿದ್ದವು. ಈಗ ಆತ್ಯಾ ಇಲ್ಲ. ಬ್ರೋಚುಗಳು ಮತ್ತೆ ಬೆಳಕು ಕಾಣುತ್ತಿವೆ.

ಅವ್ವನಿಗೆ ತವರಿನಿಂದ ಬಂದದ್ದು ಒಂದೇ ಒಡವೆ: ಕೆಂಪು ಹರಳಿನ ನವಿಲು ಬ್ರೋಚು. ಬಸುರಿ ಅಕ್ಕನ ಕುಬಸದ ಆರತಿಗೆ ಆತ್ಯಾ ಬರುತ್ತಾರೆಂದು ಅವ್ವ ಅದನ್ನು ಹಿಂದಿನ ದಿನ ಅಂಟುವಾಳದ ನೀರಿನಲ್ಲಿ ನೆನೆಸಿ ತಿಕ್ಕಿದಳು. ನೀರು ಒಳಗಿಳಿದು ಹರಳಿಗೆ ಹೊಳಪು ಕೊಡುವ ಹಿಂದಿನ ಬೇಗಡೆ ಹಾಳೆ ಕಪ್ಪಾಯಿತು.

ಆತ್ಯಾ ಅವ್ವನ ಹೆಗಲನ್ನು ದೂರದಿಂದಲೇ ನೋಡಿದರು. “ಶಾರದಾ, ಸಂತ್ಯಾಗ ಕೊಂಡಿಯೇನs? ಇರ್ಲಿ ಬಿಡು, ಹುಡುಗ್ಯಾರ ಪರಕಾರಕ್ಕ ಗುಂಡಿ ಆಗತದ.”

ಆರತಿ ತಟ್ಟೆ ಹಿಡಿದವರೂ ನಕ್ಕರು. ಅವ್ವನೂ ನಕ್ಕಳು. ನವಿಲು ಅಂದೇ ಡಬ್ಬಿ ಸೇರಿತು. ನಾನು ಮಗುಚಿ ನೋಡಿದೆ: ಬಾಗಿದ ತಂತಿಯ ಕೊಕ್ಕೆ, ಕಾಳಿನಷ್ಟು ಚಾಚಿದ ಸೂಜಿ. ಅವ್ವನಿಗೆ ತೋರಿಸಿದರೆ, “ಆತ್ಯಾ ಹೇಳ್ಯಾರ ಅಂದಮ್ಯಾಲೆ ಮುಗೀತವಾ” ಎಂದಳು. ಆತ್ಯಾ ಅದರ ಬೆನ್ನು ನೋಡಿರಲೇ ಇಲ್ಲ ಎಂಬುದು ನನ್ನನ್ನು ಮೂರು ವರ್ಷ ಕೊರೆಯಿತು.

ಕೊನೆಯ ಸಲ ಅವರನ್ನು ಕಂಡಾಗ ರಾಯಾಪುರದ ಒಂದು ಮದುವೆಗೆ ಸಿದ್ಧರಾಗುತ್ತಿದ್ದರು. ಬೆರಳಿಗೆ ಸೂಜಿ ಸಿಗುತ್ತಿರಲಿಲ್ಲ. “ಇದನ್ನ ಒಂದೀಟು ಚುಚ್ಚs” ಎಂದು ಮುತ್ತಿನ ಬ್ರೋಚು ಕೊಟ್ಟರು. ಅದು ನನ್ನ ಕೈಗೆ ಬಂದದ್ದು ಅದೇ ಮೊದಲು. ಅವರೇ ಕಲಿಸಿದಂತೆ ಮಗುಚಿದೆ. ಸೂಜಿ ಅಂಚಿನ ಒಳಗೇ ಮುಗಿದಿತ್ತು. ಪಕ್ಕದಲ್ಲಿ ತಿರುಗಿಸುವ ಲಾಕು, ಹೊಳೆಯುತ್ತಿತ್ತು.

“ರಿಪೇರಿ ಮಾಡಿಸೇನಿ” ಎಂದರು.

ನಾನು ಲಾಕನ್ನು ತಿರುಗಿಸಿ ನೋಡಿದೆ. ಅವರು ನನ್ನ ಬೆರಳನ್ನೇ ನೋಡುತ್ತಿದ್ದರು.

“ನಿಮ್ಮವ್ವನ ನವಿಲು ಖರೇ ಹಳೇದು. ಬಾಲದ ಬಾಜೂಕ ಸೂಜಿ ಇಣಕತಿತ್ತು, ದೂರದಿಂದನs ಕಾಣ್ತು. ಒಣ ಅರಿವಿಲೆ ಒರಸಬೇಕಿತ್ತು, ತೊಳದು ಕೆಡಿಸಿದಳು.”

“ಮತ್ತ ಅವತ್ತ ಹಂಗ್ಯಾಕ ಅಂದ್ರಿ, ಆತ್ಯಾ?”

“ಅದನ್ನ ತಿರುವಿ ಖರೇ ಹಳೇದು ಅಂದಿದ್ರ, ‘ನಿಮ್ದೂ ತಿರುವ್ರಿ, ಜೋಡಿ ನೋಡೋಣು’ ಅಂತಿದ್ರು ಮಂದಿ.” ಕನ್ನಡಿಯಲ್ಲಿ ಹೆಗಲು ನೆಟ್ಟಗೆ ಮಾಡಿಕೊಂಡರು. “ಚುಚ್ಚು ಲಗೂ. ಹಿಂದ ಯಾರ್ ನೋಡ್ತಾರ?”

ಚುಚ್ಚಿದೆ, ಲಾಕು ಭದ್ರವಾಗಿ ತಿರುಗಿಸಿದೆ.

ಮರುದಿನ ಬೆಳಿಗ್ಗೆ ಅವ್ವ ಬ್ಯಾಂಕಿಗೆ ಹೊರಟಾಗ ಡಬ್ಬಿಯಿಂದ ನವಿಲನ್ನು ತೆಗೆದು, ಒಣ ಬಟ್ಟೆಯಿಂದ ಒರೆಸಿ, ಅವಳ ಸೆರಗಿಗೆ ಹಾಕಿದೆ.

“ಆತ್ಯಾ ಎದುರಾದ್ರ ನಗ್ತಾರ” ಎಂದಳು.

“ನಗಂಗಿಲ್ಲ” ಎಂದೆ. ಅವ್ವ ಯಾಕೆಂದು ಕೇಳಿದಳು. ಹೊರಗೆ ಚಾಚಿದ ಸೂಜಿ ಬೆರಳಿಗೆ ಚುಚ್ಚಿತ್ತು. ಬೆರಳನ್ನು ಬಾಯಲ್ಲಿಟ್ಟುಕೊಂಡೆ.